60 ಹಾಸಿಗೆಯ ಆಸ್ಪತ್ರೆಗೆ ಸಾಂಕ್ರಾಮಿಕದ ಯೋಜನೆ: ‘ಸಾಕಷ್ಟು’ ಅಂದರೆ ಎಷ್ಟು?

ಕುಮಟಾ_ಆಡಳಿತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಒಂದು ಟ್ರಸ್ಟ್ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದೇನೆ. ಮುಂದೆ ಎಂದಾದರೂ ಸಾಂಕ್ರಾಮಿಕ ಬಂದರೆ ಆಸ್ಪತ್ರೆ ಏನು ಮಾಡಬೇಕು ಎಂಬ ಲಿಖಿತ ಯೋಜನೆ ಮಳೆಗಾಲದೊಳಗೆ ಸಿದ್ಧವಾಗಬೇಕು ಎಂದು ಟ್ರಸ್ಟಿಗಳು ಹೇಳಿದ್ದಾರೆ. ಸಿಕ್ಕ ಮಾದರಿಗಳಲ್ಲೆಲ್ಲ ‘ಸಾಕಷ್ಟು ಆಕ್ಸಿಜನ್ ಇಟ್ಟುಕೊಳ್ಳುವುದು’, ‘ಸಾಕಷ್ಟು ಸಿಬ್ಬಂದಿ ನಿಯೋಜಿಸುವುದು’ ಎಂದೇ ಬರೆದಿದೆ. ಎಷ್ಟಾದರೆ ಸಾಕು ಎಂಬುದು ಯಾವುದರಲ್ಲೂ ಇಲ್ಲ.

ನಮ್ಮಲ್ಲಿರುವುದು ಇಷ್ಟು: 60 ಹಾಸಿಗೆ, ಅದರಲ್ಲಿ ಐಸಿಯು 6. ಪೈಪ್‌ಲೈನ್ ಬಂದಿರುವ ಹಾಸಿಗೆ ಒಟ್ಟು 36. ಎರಡು ಕಡೆ ಎಂಟೆಂಟು ಜಂಬೊ (ದೊಡ್ಡ) ಸಿಲಿಂಡರ್ ಕೂರಿಸಿ ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್, ಸ್ಟೋರಿನಲ್ಲಿ ಇನ್ನೂ 24 ಜಂಬೊ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ, ನಿಮಿಷಕ್ಕೆ 250 ಲೀಟರಿನ ಒಂದು ಪಿಎಸ್‌ಎ ಘಟಕ. 62.5 ಕೆವಿಎ ಜನರೇಟರ್. ಪಿಎಸ್‌ಎ ಅದರ ಮೇಲಿಲ್ಲ. ಸ್ಟಾಫ್ ನರ್ಸ್ 38, ವೈದ್ಯರು 9.

36 ಹಾಸಿಗೆಯನ್ನೂ ಆಕ್ಸಿಜನ್ ರೋಗಿಗಳಿಗೆ ಕೊಡುತ್ತೇವೆ ಎಂದು ಬರೆಯಬಹುದೇ? ಯಾವ ಹಂತದಲ್ಲಿ ಯಾರು ಯಾವ ನಿರ್ಧಾರ ತೆಗೆದುಕೊಳ್ಳಬೇಕು? ಮಳೆಗಾಲದಲ್ಲಿ ರಸ್ತೆ ಬಂದಾದರೆ ಏನು ಗತಿ? ಅಂಕಿ ಸಮೇತ ಹೇಳಿದರೆ ಉಪಕಾರ.

ಬಯೋಮೆಡಿಕಲ್_ಕಾರವಾರ

ಸರ್, ಆಕ್ಸಿಜನ್ ಲೆಕ್ಕವನ್ನು ಹಾಸಿಗೆಯಲ್ಲಿ ಬರೆಯಬೇಡಿ, ಗಂಟೆಯಲ್ಲಿ ಬರೆಯಿರಿ. ‘ನಮ್ಮಲ್ಲಿ 40 ಸಿಲಿಂಡರ್ ಇದೆ’ ಎಂದರೆ ಏನೂ ತಿಳಿಯುವುದಿಲ್ಲ. ‘ತುಂಬಿದ ವಾರ್ಡಿಗೆ ಇಷ್ಟು ಗಂಟೆ ಸಾಕು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಬೇಡಿಕೆಯನ್ನು ಲೆಕ್ಕ ಹಾಕಿದ್ದು ಐಸಿಯು ಹಾಸಿಗೆಗೆ ನಿಮಿಷಕ್ಕೆ 24 ಲೀಟರ್, ಉಳಿದ ಆಕ್ಸಿಜನ್ ಹಾಸಿಗೆಗೆ 10 ಲೀಟರ್ ಹಿಡಿದು. ಯೋಜನೆಗೆ ಈಗಲೂ ಅದೇ ಸಾಕು. ನಿಮ್ಮ 36 ಹಾಸಿಗೆಯೂ ತುಂಬಿತು ಎನ್ನಿ. ಐಸಿಯು 6ಕ್ಕೆ 144, ಉಳಿದ 30ಕ್ಕೆ 300, ಒಟ್ಟು ನಿಮಿಷಕ್ಕೆ 444 ಲೀಟರ್. ದಿನಕ್ಕೆ ಸುಮಾರು 640 ಘನ ಮೀಟರ್. ಜಂಬೊ ಸಿಲಿಂಡರಿನಲ್ಲಿ 7 ಘನ ಮೀಟರ್ ಇರುತ್ತದೆ. ಅಂದರೆ ದಿನಕ್ಕೆ 91 ಸಿಲಿಂಡರ್.

ಮ್ಯಾನಿಫೋಲ್ಡಿನ ಒಂದು ಕಡೆಯ 8 ಸಿಲಿಂಡರ್ ಈ ಹರಿವಿಗೆ 126 ನಿಮಿಷ ಬರುತ್ತದೆ. ಪೂರ್ತಿ ಖಾಲಿಯಾಗುವ ಮೊದಲೇ ಇನ್ನೊಂದು ಕಡೆಗೆ ಬದಲಾಗುವುದರಿಂದ ಎರಡು ಗಂಟೆಯೂ ಸಿಗುವುದಿಲ್ಲ. ಹಗಲು ರಾತ್ರಿ, ಎರಡು ಗಂಟೆಗೊಮ್ಮೆ ಎಂಟು ಸಿಲಿಂಡರ್ ಬಿಚ್ಚಿ ಎಂಟು ಕೂರಿಸಬೇಕು. ಇದಕ್ಕೆ ಪ್ರತಿ ಪಾಳಿಗೆ ಕೈ ಪಳಗಿದ ಇಬ್ಬರು ಬೇಕು. ಯೋಜನೆಗಳಲ್ಲಿ ಈ ಇಬ್ಬರನ್ನು ಯಾರೂ ಬರೆದಿರುವುದಿಲ್ಲ. ವಾರ್ಡಿನಲ್ಲಿ ಸಿಲಿಂಡರ್ ಇದ್ದೂ ರಾತ್ರಿ ಎರಡು–ಮೂರು ಗಂಟೆಗೆ ಪೈಪಿನ ಒತ್ತಡ ಬೀಳುವುದು ಇದೇ ಕಾರಣಕ್ಕೆ.

ಮೂಗಿನ ಮೂಲಕ ಹೆಚ್ಚು ಹರಿವಿನಲ್ಲಿ ಆಕ್ಸಿಜನ್ ಕೊಡುವ ಹೈ ಫ್ಲೋ ಯಂತ್ರದ ಬಗ್ಗೆ ವಿಶೇಷ ಎಚ್ಚರ ಬೇಕು. ನಿಮಿಷಕ್ಕೆ 50 ಲೀಟರಿನಂತೆ ಹೆಚ್ಚುಕಡಿಮೆ ಶುದ್ಧ ಆಕ್ಸಿಜನ್ನಿನಲ್ಲೇ ನಡೆಸಿದರೆ ಒಂದೇ ರೋಗಿಗೆ ದಿನಕ್ಕೆ 10 ಜಂಬೊ. ದಾನಿಗಳು ಐದು ಯಂತ್ರ ಕೊಟ್ಟರೂ ಒಮ್ಮೆಗೆ ಎಷ್ಟು ನಡೆಸಬಹುದು ಎಂಬ ಮಿತಿಯನ್ನು ಮೊದಲೇ ಬರೆದಿಡಿ. ನಿಮ್ಮ ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಬೇಡ.

ಇನ್ನು ಪಿಎಸ್‌ಎ. 250 ಲೀಟರಿನ ಘಟಕ ದಿನವಿಡೀ ನಡೆದರೆ 360 ಘನ ಮೀಟರ್, ಅಂದರೆ 51 ಜಂಬೊಗೆ ಸಮ. ದೊಡ್ಡ ಆಸರೆ ಅದು. ಆದರೆ ಹೆಸ್ಕಾಂ ಲೈನ್ ಹೋದ ಕ್ಷಣ ಸೊನ್ನೆ. ಜೊತೆಗೆ ನಮ್ಮ ಕರಾವಳಿಯ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲಿ ನೀರೇ ನೀರು. ಏರ್ ಟ್ಯಾಂಕಿನ ಆಟೊ ಡ್ರೇನ್ ಕಸ ಕಟ್ಟಿದರೆ ಆ ನೀರು ಡ್ರೈಯರ್ ದಾಟಿ ಜಿಯೊಲೈಟ್ ಹರಳಿಗೆ ಹೋಗುತ್ತದೆ. ಒದ್ದೆಯಾದ ಜಿಯೊಲೈಟ್ ನೈಟ್ರೋಜನ್ ಹಿಡಿಯುವುದಿಲ್ಲ, ನಿಧಾನಕ್ಕೆ ಪುಡಿಯೂ ಆಗುತ್ತದೆ. ಆಗ ಫ್ಲೋ ಮೀಟರ್ 250 ಎಂದೇ ತೋರಿಸುತ್ತಿರುತ್ತದೆ, ಆದರೆ ಒಳಗಿನ ಆಕ್ಸಿಜನ್ 93ರಿಂದ 85ಕ್ಕೆ ಇಳಿದಿರುತ್ತದೆ. ಪಾಳಿಗೊಮ್ಮೆ ಬರೆದುಕೊಳ್ಳಬೇಕಾದದ್ದು ಶೇಕಡಾವಾರು, ಹರಿವನ್ನಲ್ಲ. 90ಕ್ಕಿಂತ ಕೆಳಗಿಳಿದರೆ ಸಿಲಿಂಡರಿಗೆ ಬದಲಿಸಿ ತಂತ್ರಜ್ಞರನ್ನು ಕರೆಸಿ. ಆಟೊ ಡ್ರೇನನ್ನು ದಿನಾ ಕೈಯಿಂದ ಒಮ್ಮೆ ಬಿಟ್ಟು ನೋಡಿ. ಸಾಂಕ್ರಾಮಿಕಕ್ಕೆಂದು ಘಟಕವನ್ನು ಬೀಗ ಹಾಕಿ ಇಡಬೇಡಿ, ನಿತ್ಯದ ಬಳಕೆಯಲ್ಲೇ ಇರಲಿ. ನಿಂತ ಪಿಎಸ್‌ಎ ಎರಡು ಮಳೆಗಾಲದಲ್ಲಿ ಹಾಳಾಗುತ್ತದೆ. ಇನ್ನೊಂದು ಮಾತು, ಒತ್ತಡ ಏರಿಸುವ ಬೂಸ್ಟರ್ ಇಲ್ಲದೆ ಪಿಎಸ್‌ಎಯಿಂದ ಸಿಲಿಂಡರ್ ತುಂಬಲು ಆಗದು. ಅದರ ಒತ್ತಡ ನಾಲ್ಕೈದು ಬಾರ್, ಸಿಲಿಂಡರಿಗೆ ಬೇಕಾದದ್ದು 150.

ದ್ರವ ಆಕ್ಸಿಜನ್ ಟ್ಯಾಂಕ್ ಹಾಕಿಸೋಣವೇ ಎಂದು ಟ್ರಸ್ಟಿಗಳು ಕೇಳಿಯೇ ಕೇಳುತ್ತಾರೆ. 1 ಕಿಲೊಲೀಟರ್ ದ್ರವ ಅಂದರೆ 860 ಘನ ಮೀಟರ್ ಅನಿಲ, 120 ಜಂಬೊ ದಾಟುತ್ತದೆ. 1000 ಲೀಟರಿಗಿಂತ ದೊಡ್ಡ ಟ್ಯಾಂಕಿಗೆ ಪೆಸೊ (ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ) ಪರವಾನಗಿ ಬೇಕು, ಸುತ್ತ ಖಾಲಿ ಜಾಗ ಬಿಡಬೇಕು, ಟ್ಯಾಂಕರ್ ಒಳಬಂದು ತಿರುಗುವ ರಸ್ತೆ ಬೇಕು. ನಿತ್ಯದ ಬಳಕೆ ಕಡಿಮೆಯಿದ್ದರೆ ಆವಿಯಾಗಿ ಹೋಗುವ ಭಾಗವೂ ನಷ್ಟವೇ. ನಿಮ್ಮ ಗಾತ್ರಕ್ಕೆ ಮೊದಲ ಹೆಜ್ಜೆಯಾಗಿ ಎರಡು ಡ್ಯೂರಾ ಸಿಲಿಂಡರ್ ಯೋಚಿಸಬಹುದು. ಒಂದರಲ್ಲಿ 200 ಲೀಟರಿನಷ್ಟು ದ್ರವ, ಸುಮಾರು 24 ಜಂಬೊಗೆ ಸಮ. ಆದರೆ ಒಂದರಿಂದ ಗಂಟೆಗೆ 9 ಘನ ಮೀಟರಿಗಿಂತ ಹೆಚ್ಚು ಎಳೆದರೆ ಮೈಮೇಲೆ ಹಿಮ ಕಟ್ಟಿ ಒತ್ತಡ ಬೀಳುತ್ತದೆ. ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ.

ಖರ್ಚಿಲ್ಲದೆ ಆಗುವ ಉಳಿತಾಯ ವಾರ್ಡಿನಲ್ಲೇ ಇದೆ. ಬೆರಳಿಗೆ ಹಾಕುವ ಆಕ್ಸಿಮೀಟರಿನ ಓದು 92ರಿಂದ 96 ಇದ್ದರೆ ಸಾಕು, ಹಳೆಯ ಶ್ವಾಸಕೋಶ ರೋಗಿಗಳಿಗೆ 88ರಿಂದ 92. 99 ತೋರಿಸುತ್ತಿದ್ದರೆ ಹರಿವು ಹೆಚ್ಚಾಗಿದೆ ಎಂದೇ ಅರ್ಥ. ಊಟಕ್ಕೆ, ಶೌಚಕ್ಕೆ ಮಾಸ್ಕ್ ತೆಗೆದಾಗ ಫ್ಲೋ ಮೀಟರ್ ಬಂದ್ ಮಾಡಬೇಕು. ಪ್ರತಿ ಪಾಳಿಯಲ್ಲಿ ಒಬ್ಬ ಸಿಸ್ಟರಿಗೆ ಇದೊಂದೇ ಕೆಲಸ ವಹಿಸಿ. ಎರಡು ಗಂಟೆಗೊಮ್ಮೆ ಹಾಸಿಗೆ ಹಾಸಿಗೆ ತಿರುಗಿ ಹರಿವು ಹೊಂದಿಸುವುದು.

ಘಟ್ಟದ_ದಾರಿ

ಮೇಲಿನವರು ಗಂಟೆ ಲೆಕ್ಕ ಹೇಳಿದ್ದು ಸರಿ. ಆ ಗಂಟೆಯನ್ನು ಯಾವುದಕ್ಕೆ ಹೋಲಿಸಬೇಕು ಎಂಬುದು ನನ್ನ ಮಾತು. ಹೋಲಿಸಬೇಕಾದದ್ದು ರಸ್ತೆ ಬಂದಾಗಿರುವ ಅವಧಿಗೆ.

ಕುಮಟೆಗೆ ಬರಲು ಮೂರೇ ದಿಕ್ಕು: ತೆಂಕಣದಿಂದ ಉಡುಪಿ ಹೆದ್ದಾರಿ, ಬಡಗಣದಿಂದ ಗೋವಾ–ಕಾರವಾರ ಹೆದ್ದಾರಿ, ಮೂಡಣದಿಂದ ಘಟ್ಟಗಳು. ಬಳ್ಳಾರಿ ಕಡೆಯಿಂದ ಬರುವ ದ್ರವ ಆಕ್ಸಿಜನ್ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. 2021ರ ಜುಲೈ ಮಳೆಯಲ್ಲಿ ಆ ಘಟ್ಟದಲ್ಲೇ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ 66 ಬಂದಾಯಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಶಿರಸಿ ರಸ್ತೆಯ ದೇವಿಮನೆ ಘಟ್ಟದ ವಿಷಯ ನಿಮಗೇ ಗೊತ್ತು. 2020ರ ಮಾರ್ಚಿನಲ್ಲಿ ಗೋವಾ ಗಡಿ ಮುಚ್ಚಿದಾಗ ಬಡಗಣದ ದಾರಿ ಮಳೆಯಿಲ್ಲದೆಯೂ ಹೋಗಿತ್ತು. ಸಾಂಕ್ರಾಮಿಕವೂ ಜುಲೈ ಮಳೆಯೂ ಒಟ್ಟಿಗೆ ಬರುವುದಿಲ್ಲ ಎಂದು ಭಾವಿಸಿ ಯೋಜನೆ ಮಾಡಬೇಡಿ.

ಹಾಗಾಗಿ ಯೋಜನೆಯಲ್ಲಿ ಹೀಗೆ ಬರೆಯಿರಿ. ಸಿಲಿಂಡರ್ ತುಂಬಿಸುವ ಏಜೆನ್ಸಿ ಕನಿಷ್ಠ ಎರಡು, ಒಂದು ಘಟ್ಟದ ಮೇಲೆ, ಒಂದು ಘಟ್ಟದ ಕೆಳಗೆ. ಇಬ್ಬರೊಂದಿಗೂ ಮೊದಲೇ ಲಿಖಿತ ಒಪ್ಪಂದ. ಒಬ್ಬರ ಸಿಲಿಂಡರನ್ನು ಇನ್ನೊಬ್ಬರು ತುಂಬಿಕೊಡುತ್ತಾರೆಯೇ ಎಂದು ಈಗಲೇ ಕೇಳಿ, ಹಲವರು ಒಪ್ಪುವುದಿಲ್ಲ. ಸಿಲಿಂಡರ್ ಒತ್ತಡ ತಾಳುತ್ತದೆಯೇ ಎಂದು ನೋಡುವ ಹೈಡ್ರೊ ಟೆಸ್ಟಿನ ದಿನಾಂಕ ಐದು ವರ್ಷದೊಳಗೆ ಇರಲಿ. ಅವಧಿ ಮೀರಿದ್ದನ್ನು ತುಂಬುವ ಘಟಕ ವಾಪಸ್ ಕಳಿಸುತ್ತದೆ, ಅದು ಗೊತ್ತಾಗುವುದು ಲಾರಿ ಅಲ್ಲಿಗೆ ಹೋದ ಮೇಲೆ. ಜಿಲ್ಲೆಗೆ ರೆಡ್ ಅಲರ್ಟ್ ಬಂದ ದಿನ ಖಾಲಿ ಸಿಲಿಂಡರ್ ಒಂದೂ ಆವರಣದಲ್ಲಿ ಉಳಿಯಬಾರದು. ಅರ್ಧ ಖಾಲಿಯಾದದ್ದನ್ನೂ ಕಳಿಸಿ ತುಂಬಿಸಿ.

ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸುವುದಕ್ಕೂ ಲೆಕ್ಕ ಇರಲಿ. ಕುಮಟೆಯಿಂದ ಮಣಿಪಾಲಕ್ಕೆ 3 ಗಂಟೆ ಎಂದು ಹಿಡಿಯಿರಿ. ನಿಮಿಷಕ್ಕೆ 15 ಲೀಟರಿನಂತೆ 2700 ಲೀಟರ್ ಬೇಕು, ದಾರಿಯಲ್ಲಿ ತಡವಾಗುವುದಕ್ಕೆ ಇನ್ನೊಂದು ಪಾಲು, ಒಟ್ಟು 5400. ಆಂಬುಲೆನ್ಸಿನ ಸಣ್ಣ ಬಿ ಸಿಲಿಂಡರಿನಲ್ಲಿರುವುದು 1500 ಲೀಟರ್, ಅಂದರೆ 100 ನಿಮಿಷ. ಭಟ್ಕಳ, ಬೈಂದೂರು ದಾಟುವಾಗ ಮುಗಿಯುತ್ತದೆ. ಒಂದು ಜಂಬೊ, ಅದಕ್ಕೆ ಎರಡು ಪಟ್ಟಿಯ ಕಟ್ಟು, ಒಂದು ಹೆಚ್ಚುವರಿ ಕೀ ಇಲ್ಲದೆ ಗೇಟು ದಾಟಬಾರದು. ಆ ಕಡೆಯ ವೈದ್ಯರ ಹೆಸರು, ಹಾಸಿಗೆ ಖಚಿತವಾದ ಸಮಯ ಎರಡನ್ನೂ ಚೀಟಿಯಲ್ಲಿ ಬರೆಯದೆ ಹೊರಡಿಸಬೇಡಿ.

ಸೋಂಕು_ನಿಯಂತ್ರಣ_ಸಿಸ್ಟರ್_ಶಿರಸಿ

ಎಲ್ಲರೂ ಆಕ್ಸಿಜನ್ ಹಿಡಿದುಕೊಂಡಿದ್ದೀರಿ. ಮುಂದಿನ ರೋಗ ಕೋವಿಡ್ ಥರವೇ ಇರುತ್ತದೆಂದು ಯಾರು ಹೇಳಿದರು? 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಬಂದಾಗ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಯ ಒಳಗೇ, ಮೊದಲ ರೋಗಿಯ ಕಾಯಿಲೆ ಏನೆಂದು ಗೊತ್ತಾಗುವ ಮೊದಲೇ. ಅದರಲ್ಲಿ ನರ್ಸ್ ಲಿನಿ ತೀರಿಕೊಂಡರು. ಹೆಸರು ಬರೆದುಕೊಂಡು ಬರುವ ರೋಗವಲ್ಲ ಇದು. ಕ್ಯಾಶುವಲ್ಟಿಯ ಬಾಗಿಲಲ್ಲಿ ಜ್ವರದ ರೋಗಿಯಾಗಿ ಬರುತ್ತದೆ.

ಅದಕ್ಕೇ ನಿಮ್ಮ ಯೋಜನೆಯ ಮೊದಲ ಪುಟ ಬಾಗಿಲಿನದ್ದಾಗಲಿ. ಜ್ವರ, ಕೆಮ್ಮು ಇರುವವರು ಟೋಕನ್ ಕೌಂಟರಿಗೆ ಬರುವ ಮೊದಲೇ ಮಾಸ್ಕ್ ಕೊಟ್ಟು ಬೇರೆ ಬೆಂಚಿಗೆ. ಅಲ್ಲಿ ಕೂತ ಸಿಸ್ಟರ್ ಕೇಳಬೇಕಾದ ಪ್ರಶ್ನೆಗಳು ಐದು: ಮೂರು ವಾರದಲ್ಲಿ ಎಲ್ಲಿಗೆ ಹೋಗಿಬಂದಿರಿ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಇದೆಯೇ? ಬೇರೆ ಆಸ್ಪತ್ರೆಯಲ್ಲಿ ಇದ್ದಿರಾ, ಅಥವಾ ರೋಗಿ ನೋಡಲು ಹೋಗಿದ್ದಿರಾ? ಕಾಡಿಗೆ, ಸೊಪ್ಪಿಗೆ, ದರಕಿಗೆ (ಒಣ ಎಲೆ ತರಲು) ಹೋಗಿದ್ದಿರಾ, ಮಂಗ ಸತ್ತದ್ದು ಕಂಡಿರಾ? ಕೆಲಸ ಯಾವುದು? ಬೋಟಿನಲ್ಲಿ ಹೊರರಾಜ್ಯದವರ ಜೊತೆ ಇರುವವರಿಗೂ ಕೈಗಾ, ಗೋವಾ ಕಡೆ ದಿನಾ ಹೋಗಿಬರುವವರಿಗೂ ಕೊನೆಯ ಪ್ರಶ್ನೆ ಮುಖ್ಯ.

ಡಿಸೆಂಬರ್‌ನಿಂದ ಮೇ ತನಕ ಸಿದ್ದಾಪುರ, ಶಿರಸಿ, ಹೊನ್ನಾವರ ಭಾಗದಿಂದ ಬರುವ ಜ್ವರದಲ್ಲಿ ಮಂಗನ ಕಾಯಿಲೆಯೂ ಇರುತ್ತದೆ. ಉಣುಗಿನಿಂದ ಬರುವ ಅದು ರೋಗಿಯಿಂದ ಪಕ್ಕದ ಹಾಸಿಗೆಗೆ ಹರಡುವುದಿಲ್ಲ. ಅವರನ್ನು ಕೆಮ್ಮಿನ ವಾರ್ಡಿಗೆ ಹಾಕಿ ಇನ್ನೊಂದು ರೋಗ ಅಂಟಿಸಬೇಡಿ. ರಕ್ತದ ಮಾದರಿಯನ್ನು ತಾಲೂಕು ಆರೋಗ್ಯಾಧಿಕಾರಿಗಳ ಮೂಲಕ ಕಳಿಸಿ.

ಎಚ್ಚರಿಕೆಯ ಗಂಟೆ ಯಾವುದು ಎಂದು ಕೇಳಿದರೆ, ಒಂದೇ ವಾರ್ಡಿನ ಇಬ್ಬರು ಸಿಬ್ಬಂದಿ ಒಂದೇ ವಾರದಲ್ಲಿ ಜ್ವರ ಬಂದು ರಜೆ ಹಾಕುವುದು. ರಜೆ ಚೀಟಿ ಆಫೀಸಿಗೆ ಹೋಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಜ್ವರದ ರಜೆಯೆಲ್ಲ ಅದೇ ದಿನ ಸೋಂಕು ನಿಯಂತ್ರಣದ ಸಿಸ್ಟರಿಗೆ ತಿಳಿಯಬೇಕು ಎಂದು ಯೋಜನೆಯಲ್ಲಿ ಹಾಕಿ.

ಪ್ರತ್ಯೇಕ ಕೋಣೆಗೆ ಗಾಳಿಯ ಲೆಕ್ಕ: ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕು. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದರೆ 3000 ಘನ ಅಡಿ, ನಿಮಿಷಕ್ಕೆ 600 ಘನ ಅಡಿ ಹೊರಹಾಕಬೇಕು. ಫ್ಯಾನಿನ ಮೇಲೆ ಬರೆದ ಅಂಕಿ ಜಾಲರಿ ಇಲ್ಲದಾಗಿನದು, ಆದ್ದರಿಂದ 900ರದ್ದು ಹಾಕಿಸಿ. ಫ್ಯಾನ್ ರೋಗಿಯ ತಲೆಯ ಕಡೆಯ ಗೋಡೆಯಲ್ಲಿ, ಗಾಳಿ ಒಳಬರುವುದು ಬಾಗಿಲಿನ ಕೆಳಗಿನಿಂದ. ನರ್ಸ್ ನಿಲ್ಲುವುದು ಬಾಗಿಲ ಕಡೆ. ಹೊರಹೋದ ಗಾಳಿ ಕಾರಿಡಾರಿಗೋ ಕ್ಯಾಂಟೀನ್ ಕಿಟಕಿಗೋ ಹೋಗಬಾರದು. ಬಾಗಿಲ ಸಂದಿಯಲ್ಲಿ ಟಿಶ್ಯೂ ಹಿಡಿದು ನೋಡಿ, ಒಳಗೆ ಎಳೆದರೆ ಸರಿ. ಸ್ಪ್ಲಿಟ್ ಎಸಿ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರೋಗಿ ಹೋದ ಮೇಲೆ 35 ನಿಮಿಷ ಫ್ಯಾನ್ ಓಡಲಿ, ಆಮೇಲೆ ಮಾಸ್ಕಿಲ್ಲದವರು ಒಳಗೆ ಹೋಗಬಹುದು.

ಬಾಗಿಲಲ್ಲೇ ರೋಗಿಗಳನ್ನು ವಿಂಗಡಿಸುವ ಟ್ರಯಾಜಿಗೆ ಶಾಮಿಯಾನ ಎಂದು ಬರೆಯಬೇಡಿ ಸರ್. ಜೂನ್ ಗಾಳಿಗೆ ನಿಲ್ಲುವುದಿಲ್ಲ. ವಾಹನ ನಿಲ್ಲಿಸುವ ಶೆಡ್ಡಿಗೆ ತಗಡು ಮುಂದಕ್ಕೆ ಎಳೆದು, ಎರಡು ಬದಿ ತೆರೆದು, ನಲ್ಲಿ ಮತ್ತು ಎರಡು ಪ್ಲಗ್ ಪಾಯಿಂಟ್ ಈಗಲೇ ಹಾಕಿಸಿ.

ಪಿಪಿಇ ಹಾಕುವಾಗ ಸೋಂಕು ಬರುವುದಿಲ್ಲ, ಬಿಚ್ಚುವಾಗ ಬರುತ್ತದೆ. ಹೊರ ಕೈಗವಸು, ಗೌನ್, ಕೈ ಸ್ವಚ್ಛ, ಕನ್ನಡಕ, ಮತ್ತೆ ಕೈ ಸ್ವಚ್ಛ, ಕೋಣೆಯ ಹೊರಗೆ ಬಂದ ಮೇಲೆ ಎನ್‌95. ದಣಿದ ಸಿಬ್ಬಂದಿ ಮಾಸ್ಕನ್ನೇ ಮೊದಲು ಎಳೆದುಬಿಡುತ್ತಾರೆ. ಬಿಚ್ಚುವ ಜಾಗದಲ್ಲಿ ಹೆಜ್ಜೆ ಹೆಜ್ಜೆಗೂ ಹೇಳುವ ಒಬ್ಬರು ನಿಲ್ಲಬೇಕು, ಗ್ರೂಪ್ ಡಿ ಸಿಬ್ಬಂದಿಗೂ ಅದೇ ತರಬೇತಿ ಆಗಬೇಕು. ಗಡ್ಡ ಇದ್ದರೆ ಎನ್‌95 ಮುಖಕ್ಕೆ ಕೂರುವುದಿಲ್ಲ. ಇದನ್ನು ಮೊದಲೇ ಮರ್ಯಾದೆಯಿಂದ ಮಾತಾಡಿ ಒಪ್ಪಿಸಿಕೊಳ್ಳಿ.

ಹೈಪೊಕ್ಲೋರೈಟ್ 5 ಶೇಕಡಾದ್ದು ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ 1 ಶೇಕಡಾ. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 33 ಗ್ರಾಂ. ದಿನಾ ಹೊಸದಾಗಿ ಮಾಡಿ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟ ಬ್ಲೀಚಿಂಗ್ ಪೌಡರ್ ಗಂಟು ಕಟ್ಟಿದ್ದರೆ ಅದರ ಸತ್ವ ಹೋಗಿದೆ ಎಂದೇ ತಿಳಿಯಿರಿ. ಹಳದಿ ಚೀಲದ ಕಸ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ರಸ್ತೆ ಬಂದಾಗಿ ಗಾಡಿ ಬಾರದಿದ್ದರೆ ಎಲ್ಲಿ ಇಡುವುದು, ಯಾರಿಗೆ ತಿಳಿಸುವುದು ಎಂಬುದನ್ನೂ ಬರೆಯಿರಿ. ನಾಯಿ ನುಗ್ಗದ, ನೀರು ನಿಲ್ಲದ ಬೀಗದ ಕೋಣೆ ಬೇಕು.

ಕುಮಟಾ_ಆಡಳಿತ

ಸಿಸ್ಟರ್, ಬಾಗಿಲಿನ ಪುಟವನ್ನೇ ಮೊದಲು ಬರೆಯುತ್ತೇನೆ. ಈಗ ಉಳಿದದ್ದು ನನ್ನ ಎರಡನೇ ಪ್ರಶ್ನೆ, ಯಾರು, ಯಾವಾಗ ನಿರ್ಧಾರ ಮಾಡುವುದು.

ವೈದ್ಯ_ಆಡಳಿತ_ಹೊನ್ನಾವರ

ಮೊದಲು ಒಂದು ತಿದ್ದುಪಡಿ. 36 ಹಾಸಿಗೆ ಎಂಬುದು ಪೈಪಿನ ಲೆಕ್ಕ. ನರ್ಸ್‌ಗಳ ಲೆಕ್ಕ ಮಾಡಿ ನೋಡಿ.

38 ಜನರಲ್ಲಿ ಕಾಲುಭಾಗ ಕಾಯಿಲೆಯಲ್ಲೋ ಪ್ರತ್ಯೇಕವಾಸದಲ್ಲೋ ಇರುತ್ತಾರೆ, ಉಳಿಯುವುದು 28. ವಾರದ ರಜೆ ಕಳೆದರೆ ದಿನಕ್ಕೆ 24. ಪಿಪಿಇಯಲ್ಲಿ 6 ಗಂಟೆಗಿಂತ ಹೆಚ್ಚು ದುಡಿಸಬಾರದು, ಆದ್ದರಿಂದ ನಾಲ್ಕು ಪಾಳಿ, ಪಾಳಿಗೆ 6 ಜನ. ಹೆರಿಗೆ ಮತ್ತು ಕ್ಯಾಶುವಲ್ಟಿಗೆ 2. ಐಸಿಯುನಲ್ಲಿ ಇಬ್ಬರು ರೋಗಿಗೆ ಒಬ್ಬರಂತೆ 3. ಉಳಿದವರು ಒಬ್ಬರೇ, ಅವರು ನೋಡಬಲ್ಲದ್ದು ಎಂಟು ಆಕ್ಸಿಜನ್ ಹಾಸಿಗೆ. ಒಟ್ಟು 14. ಒಬ್ಬ ಸ್ಟಾಫ್ ನರ್ಸ್ ಕೈಕೆಳಗೆ ಇಬ್ಬರು ನರ್ಸಿಂಗ್ ವಿದ್ಯಾರ್ಥಿಗಳನ್ನೋ ನಿವೃತ್ತ ಸಿಸ್ಟರನ್ನೋ ಕೊಟ್ಟರೆ ಎಂಟು ಹಾಸಿಗೆ ಹದಿನಾರಾಗುತ್ತದೆ. ಆಗ 22. ನಿಮ್ಮ ಆಸ್ಪತ್ರೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬಹುದಾದ ಸಂಖ್ಯೆ ಅದು. 36 ಎಂದು ಜಿಲ್ಲಾಡಳಿತಕ್ಕೆ ಬರೆದುಕೊಟ್ಟರೆ 36 ಜನ ಬರುತ್ತಾರೆ, 14 ಜನಕ್ಕೆ ನೋಡುವವರು ಇರುವುದಿಲ್ಲ. ಆ ಸಹಾಯಕರ ಪಟ್ಟಿ ಈಗಲೇ ಆಗಬೇಕು, ವರ್ಷಕ್ಕೆ ಎರಡು ದಿನ ತರಬೇತಿ ಕೊಡಬೇಕು.

ಈಗ ನಿರ್ಧಾರದ ವಿಷಯ. ಹೆಸರಿನ ಬದಲು ಹುದ್ದೆ ಬರೆಯಿರಿ: ಮುಖ್ಯಸ್ಥರು ಒಬ್ಬರು, ಅವರಿಲ್ಲದಾಗ ಎರಡನೆಯವರು, ಮೂರನೆಯವರು. ಮುಖ್ಯಸ್ಥರೇ ಮೊದಲ ವಾರ ಕಾಯಿಲೆ ಬೀಳಬಹುದು. ಮೂವರೂ ಒಂದೇ ಕೋಣೆಯಲ್ಲಿ ಊಟ ಮಾಡುವಂತಿಲ್ಲ. ರಾತ್ರಿ ಪಾಳಿಯ ವೈದ್ಯರಿಗೆ ಇಂತಿಷ್ಟು ರೂಪಾಯಿ ತನಕ ಯಾರನ್ನೂ ಕೇಳದೆ ಖರ್ಚು ಮಾಡುವ, ಸಿಲಿಂಡರ್ ತರಿಸುವ, ವಾರ್ಡ್ ತೆರೆಯುವ ಅಧಿಕಾರ ಟ್ರಸ್ಟಿನ ಠರಾವಿನಲ್ಲೇ ಇರಲಿ. ಬೆಳಿಗ್ಗೆ ತನಕ ಕಾಯುವುದರಲ್ಲೇ ಅನಾಹುತ ಆಗುವುದು.

ಹಂತ ಬದಲಿಸುವುದು ಚರ್ಚೆಯಿಂದಲ್ಲ, ಅಂಕಿಯಿಂದ. ಗೋವಾ, ಬೆಳಗಾವಿ, ಧಾರವಾಡ, ಹಾವೇರಿ, ಶಿವಮೊಗ್ಗ, ಉಡುಪಿ, ಇವುಗಳಲ್ಲಿ ಎಲ್ಲೇ ಮೊದಲ ಪ್ರಕರಣ ಖಚಿತವಾದರೂ ಬಾಗಿಲಿನ ಟ್ರಯಾಜ್ 24 ಗಂಟೆಯಲ್ಲಿ ಶುರು, ರಜೆ ಮಂಜೂರಾತಿ ನಿಲುಗಡೆ, ಸ್ಟೋರ್ ಎಣಿಕೆ. ನಿಮ್ಮಲ್ಲೇ ಮೂವರು ಶಂಕಿತರು ದಾಖಲಾದರೆ ಪ್ರತ್ಯೇಕ ವಾರ್ಡ್ 12 ಗಂಟೆಯಲ್ಲಿ ತೆರೆಯಬೇಕು, ಮುಂದೂಡಬಹುದಾದ ಶಸ್ತ್ರಚಿಕಿತ್ಸೆ ನಿಲ್ಲಬೇಕು. ಆಕ್ಸಿಜನ್ ಹರಿವು ನಿಮ್ಮ ಮಿತಿಯ 60 ಶೇಕಡಾ ಮುಟ್ಟಿದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ಸೂಚನೆ, 80 ಮುಟ್ಟಿದರೆ ಹೊಸ ದಾಖಲಾತಿ ನಿಲ್ಲಿಸಿ ಬೇರೆಡೆಗೆ ಕಳಿಸುವುದು. 100 ಆದ ಮೇಲೆ ಫೋನ್ ಮಾಡಿದರೆ ಸಹಾಯ ಬರುವ ಹೊತ್ತಿಗೆ ತಡವಾಗಿರುತ್ತದೆ. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಿಂದ ರೋಗಿಗಳು ಸತ್ತದ್ದು ರಾಜ್ಯಕ್ಕೆಲ್ಲ ಗೊತ್ತು. ಸಿಬ್ಬಂದಿಯ 20 ಶೇಕಡಾ ಗೈರಾದರೂ ಅದೇ ಕೊನೆಯ ಹಂತ, ಆಕ್ಸಿಜನ್ ಎಷ್ಟೇ ಇರಲಿ. ಯೋಜನೆ 25 ಶೇಕಡಾವರೆಗೆ ತಡೆಯುತ್ತದೆ, ಆದರೆ ಗಂಟೆ ಅದಕ್ಕೆ ಮೊದಲೇ ಬಾರಿಸಬೇಕು.

ನಿಲ್ಲಿಸಬಾರದ ಕೆಲಸಗಳ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಬರೆಯಿರಿ. ಹೆರಿಗೆ, ಡಯಾಲಿಸಿಸ್, ಹೃದಯಾಘಾತ, ಹಾವು ಕಡಿತ. ಡಯಾಲಿಸಿಸ್ ರೋಗಿ ವಾರಕ್ಕೆ ಎರಡು ಮೂರು ಬಾರಿ ಬರಲೇಬೇಕು, ಸೋಂಕಿದ್ದವರಿಗೆ ದಿನದ ಕೊನೆಯ ಪಾಳಿ. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಹಾವಿನ ಔಷಧ ಇಲ್ಲ ಎನ್ನುವಂತಾಗಬಾರದು.

ಜಿಲ್ಲೆಯಲ್ಲಿ ಯಾರ ಬಳಿ ಏನಿದೆ ಎಂಬುದನ್ನು ಶಾಂತಿಯ ಕಾಲದಲ್ಲೇ ತಿಳಿದುಕೊಳ್ಳಿ. 2020ರಲ್ಲಿ ಭಟ್ಕಳದ ಮೊದಲ ಕೋವಿಡ್ ರೋಗಿಗಳಿಗೆ ಚಿಕಿತ್ಸೆ ಸಿಕ್ಕಿದ್ದು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ. ಕಾರವಾರದ ವೈದ್ಯಕೀಯ ಕಾಲೇಜು, ತಾಲೂಕು ಆಸ್ಪತ್ರೆಗಳು, ನಿಮ್ಮಂಥ ಟ್ರಸ್ಟ್ ಆಸ್ಪತ್ರೆಗಳು, ಎಲ್ಲರದೂ ಒಂದೇ ಪುಟದ ವಿವರ ಜಿಲ್ಲಾಡಳಿತದಲ್ಲಿ ಇರಬೇಕು. ನಿಮ್ಮ ಪುಟವನ್ನು ನೀವೇ ಮೊದಲು ಕಳಿಸಿ: 22 ಹಾಸಿಗೆ, ಆಕ್ಸಿಜನ್ ಎಷ್ಟು ಗಂಟೆ, ಏಜೆನ್ಸಿ ಯಾರು, ರಾತ್ರಿ ಫೋನ್ ಎತ್ತುವವರು ಯಾರು.

ಹಾಸಿಗೆಗಾಗಿ ದೊಡ್ಡವರ ಫೋನ್ ಬರುತ್ತದೆ. ಯಾರಿಗೆ ಐಸಿಯು ಎಂಬುದನ್ನು ಹಾಸಿಗೆ ಪಕ್ಕದ ವೈದ್ಯರ ತಲೆಗೆ ಕಟ್ಟಬೇಡಿ. ಚಿಕಿತ್ಸೆ ಕೊಡದ ಇಬ್ಬರು ವೈದ್ಯರು ಮತ್ತು ನರ್ಸಿಂಗ್ ಮುಖ್ಯಸ್ಥರು, ಈ ಮೂವರು ರೋಗಿಯ ಸ್ಥಿತಿ ನೋಡಿ ಬರೆದು ಸಹಿ ಹಾಕಲಿ. ಮನೆಯವರಿಗೆ ದಿನಕ್ಕೆ ಎರಡು ಬಾರಿ, ನಿಗದಿತ ಹೊತ್ತಿಗೆ, ಒಬ್ಬರೇ ಫೋನ್ ಮಾಡಲಿ. ಕನ್ನಡದ ಜೊತೆ ಕೊಂಕಣಿ, ಉರ್ದು ಬಲ್ಲವರು ಆ ಮೇಜಿನಲ್ಲಿ ಬೇಕು. ಗೇಟಿನ ಮುಂದೆ ಗಲಾಟೆ ಆಗುವುದು ಹೆಚ್ಚಾಗಿ ಸುದ್ದಿ ಸಿಗದ್ದರಿಂದ.

ಸಂಬಳಕ್ಕೆ ಮೂರು ತಿಂಗಳ ಮೊತ್ತ ಬೇರೆ ತೆಗೆದಿಡಲು ಟ್ರಸ್ಟಿಗಳಿಗೆ ಹೇಳಿ. ಶಸ್ತ್ರಚಿಕಿತ್ಸೆ ನಿಂತರೆ ಆದಾಯ ಮೊದಲ ತಿಂಗಳೇ ಕುಸಿಯುತ್ತದೆ, ಸಿಬ್ಬಂದಿ ಅತಿ ಹೆಚ್ಚು ದುಡಿಯುವುದೂ ಅದೇ ತಿಂಗಳು.

ಸ್ಟೋರ್_ಫಾರ್ಮಸಿ

22 ಹಾಸಿಗೆಗೆ ಒಳಗೆ ಹೋಗುವವರು ಪಾಳಿಗೆ 7 ಎಂದು ಹಿಡಿದರೆ ದಿನಕ್ಕೆ 28 ಸೆಟ್, ಎಕ್ಸ್‌ರೇ, ಲ್ಯಾಬಿನವರಿಗೆ 4, ಹರಿದುಹೋಗುವುದಕ್ಕೆ 3. ಒಟ್ಟು 35, ತಿಂಗಳಿಗೆ 1050. ಅಷ್ಟನ್ನೂ ಒಮ್ಮೆಗೇ ಕೊಂಡು ಇಡಬೇಡಿ. ಎನ್‌95ರ ಇಲಾಸ್ಟಿಕ್ ಎರಡು ಮೂರು ವರ್ಷದಲ್ಲಿ ಬಿಗಿ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಪೆಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ. ಟಿಬಿ ವಾರ್ಡು, ಆಪರೇಷನ್ ಥಿಯೇಟರಿಗೆ ಹಳೆಯದರಿಂದಲೇ ಕೊಡುತ್ತಾ ಹೋಗಿ, ಹೊಸದು ಹಿಂದಿನ ಸಾಲಿಗೆ. 30 ದಿನದ ದಾಸ್ತಾನು ಹೀಗೆ ತಿರುಗುತ್ತಲೇ ಇರುತ್ತದೆ. ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದಂತೆ ರ‍್ಯಾಕ್ ಇರಲಿ. ಅಳತೆಯನ್ನೂ ನೋಡಿ, ನರ್ಸ್‌ಗಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಸಣ್ಣ ಅಳತೆ, ಸರಬರಾಜಾಗುವುದು ದೊಡ್ಡದು.

ಬಯೋಮೆಡಿಕಲ್_ಕಾರವಾರ

ಡಾಕ್ಟ್ರು ಹೇಳಿದ 22 ಹಾಸಿಗೆಗೆ ನನ್ನ ಲೆಕ್ಕ ಮತ್ತೆ ಮಾಡಿದ್ದೇನೆ. 6ಕ್ಕೆ 24, 16ಕ್ಕೆ 10, ಒಟ್ಟು ನಿಮಿಷಕ್ಕೆ 304 ಲೀಟರ್. ಪಿಎಸ್‌ಎ ಇದ್ದರೆ ಕೊರತೆ ಬರೀ 54, ದಿನಕ್ಕೆ 11 ಜಂಬೊ. ಮ್ಯಾನಿಫೋಲ್ಡಿನ ಒಂದು ಕಡೆಯ ಬ್ಯಾಂಕ್ (8 ಸಿಲಿಂಡರ್) 17 ಗಂಟೆ ಬರುತ್ತದೆ. ಪಿಎಸ್‌ಎ ನಿಂತರೆ ಅದೇ ಬ್ಯಾಂಕ್ 3 ಗಂಟೆ. ನಿಮ್ಮ 40 ಸಿಲಿಂಡರೂ ಸೇರಿ 15 ಗಂಟೆ. ಪಿಎಸ್‌ಎ ಇಲ್ಲದೆ ಎರಡು ದಿನ ತಡೆಯಲು 125 ಸಿಲಿಂಡರ್ ಬೇಕು.

ಹಾಗಾಗಿ ಟ್ರಸ್ಟಿನ ಮೊದಲ ಖರ್ಚು ಸಿಲಿಂಡರಿಗಲ್ಲ, ಪಿಎಸ್‌ಎಯನ್ನು ಜನರೇಟರಿಗೆ ತರುವುದಕ್ಕೆ. 62.5 ಕೆವಿಎ ಅಂದರೆ ಸುಮಾರು 50 ಕಿಲೊವ್ಯಾಟ್, ಅದರಲ್ಲಿ ಈಗಾಗಲೇ ಐಸಿಯು, ಥಿಯೇಟರ್ ಇದೆ. ಕಂಪ್ರೆಸರ್ ಶುರುವಾಗುವಾಗಿನ ಲೋಡ್ ಎಷ್ಟು ಎಂದು ಕಂಪನಿಯಿಂದ ಬರೆಸಿಕೊಂಡು ಸಾಫ್ಟ್ ಸ್ಟಾರ್ಟರ್ ಸಾಕೋ, ಬೇರೆ ಜನರೇಟರೇ ಬೇಕೋ ನಿರ್ಧರಿಸಿ. 40 ಕಿಲೊವ್ಯಾಟ್ ಲೋಡಿಗೆ ಗಂಟೆಗೆ 12 ಲೀಟರ್ ಆಸುಪಾಸು ಡೀಸೆಲ್, ಎರಡು ದಿನಕ್ಕೆ 576. ಮೇ ತಿಂಗಳಲ್ಲಿ ಒಂದು ರಾತ್ರಿ ಮೇನ್ ಸ್ವಿಚ್ ನಿಜವಾಗಿಯೂ ತೆಗೆದು ನೋಡಿ, ಮೊದಲು ವಾರ್ಡಿನ ರೋಗಿಗಳಿಗೆ ಸಿಲಿಂಡರ್ ಕೈಯಳತೆಯಲ್ಲಿ ಇಟ್ಟುಕೊಂಡು.

ಆಕ್ಸಿಜನ್ ಹೆಚ್ಚು ಬಳಸುವ ಐಸಿಯುನಲ್ಲಿ ಬೆಂಕಿಯ ಭಯವೂ ಇದೆ. 2021ರ ಏಪ್ರಿಲ್ 23ರಂದು ವಿರಾರಿನ ಆಸ್ಪತ್ರೆಯ ಐಸಿಯು ಹೊತ್ತಿ ಉರಿದದ್ದು ನೆನಪಿರಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಬೇಡ, ಕಿಟಕಿ ಮೊಳೆ ಹೊಡೆದು ಮುಚ್ಚಬೇಡಿ, ವಾರ್ಡಿನ ಆಕ್ಸಿಜನ್ ವಾಲ್ವ್ ಬಂದ್ ಮಾಡುವ ಪೆಟ್ಟಿಗೆ ಎಲ್ಲಿದೆ ಎಂಬುದು ಪಾಳಿಯ ಪ್ರತಿಯೊಬ್ಬರಿಗೂ ತಿಳಿದಿರಲಿ.

ಕುಮಟಾ_ಆಡಳಿತ

ಎಲ್ಲರಿಗೂ ಕೃತಜ್ಞತೆ. ಠರಾವಿನ ಕರಡು ಬರೆಯಲು ಕೂರುತ್ತಿದ್ದೇನೆ. ಮ್ಯಾನಿಫೋಲ್ಡ್ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಬೇಕೆಂದಿದ್ದೇನೆ. ರಾತ್ರಿ ಪಾಳಿಯ ಹುಡುಗರು ನೋಡಿ ಮಾಡುವಂತಿರಬೇಕು. ಏನು ಬರೆಯಲಿ?

ಬಯೋಮೆಡಿಕಲ್_ಕಾರವಾರ

ದೊಡ್ಡ ಅಕ್ಷರದಲ್ಲಿ ಇಷ್ಟು ಸಾಕು ಸರ್:

ಕೈಗೆ, ಕೀಗೆ, ವಾಷರಿಗೆ ಎಣ್ಣೆ, ಗ್ರೀಸ್ ತಾಗಬಾರದು. ಸಿಲಿಂಡರ್ ಕಪ್ಪು ಮೈ, ಬಿಳಿ ಕತ್ತು ಇದೆಯೇ ನೋಡು. ಚೀಟಿಯಲ್ಲಿ ಮೆಡಿಕಲ್ ಆಕ್ಸಿಜನ್ ಎಂದಿದೆಯೇ ಓದು. ಕೂರಿಸುವ ಮೊದಲು ವಾಲ್ವ್ ಅರೆಕ್ಷಣ ತೆರೆದು ಧೂಳು ಹಾರಿಸು, ಮುಖ ಪಕ್ಕಕ್ಕಿಡು. ಪೈಪ್ ಬಿಗಿದ ಮೇಲೆ ವಾಲ್ವ್ ನಿಧಾನಕ್ಕೆ ತೆರೆ. ಸೋಪಿನ ನೀರು ಹಚ್ಚಿ ನೋಡು, ಗುಳ್ಳೆ ಬಂದರೆ ವಾಷರ್ ಬದಲಿಸು. ಲೈನಿನ ಒತ್ತಡ 4 ಬಾರ್‌ಗಿಂತ ಕೆಳಗಿದ್ದರೆ ಮೊದಲು ಐಸಿಯುಗೆ ಫೋನ್, ಆಮೇಲೆ ಉಳಿದದ್ದು. ತುಂಬಿದ್ದು ಬಲಗಡೆ, ಖಾಲಿ ಎಡಗಡೆ, ಎರಡಕ್ಕೂ ಸರಪಳಿ. ಬದಲಿಸಿದ ಸಮಯ, ಉಳಿದ ತುಂಬಿದ ಸಿಲಿಂಡರಿನ ಸಂಖ್ಯೆ ಬರೆದು ಸಹಿ ಹಾಕು. ತುಂಬಿದ್ದು 20ಕ್ಕಿಂತ ಕಡಿಮೆಯಾದರೆ ಹೊತ್ತು ನೋಡದೆ ಏಜೆನ್ಸಿಗೂ ಮುಖ್ಯಸ್ಥರಿಗೂ ಫೋನ್ ಮಾಡು.

ಎರಡೂ ನಂಬರ್ ಹಾಳೆಯ ಕೆಳಗೇ ಬರೆಯಿರಿ. ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ಇಲ್ಲವಾದರೆ ಜುಲೈನಲ್ಲಿ ಅಕ್ಷರ ಉಳಿಯುವುದಿಲ್ಲ. ಕೀ ಎರಡು ಇರಲಿ, ಒಂದನ್ನು ಸರಪಳಿಯಿಂದ ಗೋಡೆಗೇ ಕಟ್ಟಿ.